ಕನ್ನಡಕದಮ್ಮ ಹುಡುಕುತ್ತಿದ್ದ ಕಣ್ಣುಗಳು

ಆ ಬೀದಿಯ ಕನ್ನಡಕದಂಗಡಿಯಲ್ಲಿ ಬಹಳ ವರ್ಷ ಕೆಲಸ ಮಾಡಿದ ಹೆಂಗಸನ್ನು ಎಲ್ಲರೂ ಕನ್ನಡಕದಮ್ಮ ಎಂದೇ ಕರೆಯುತ್ತಿದ್ದರು. ಗಾಜಿನ ಅಂಚು ಉಜ್ಜುವುದು, ಫ್ರೇಮಿಗೆ ಕೂರಿಸುವುದು, ಸಡಿಲವಾದ ಕಡ್ಡಿ ಬಿಗಿ ಮಾಡುವುದು, ಗಿರಾಕಿಯ ಕಿವಿಯ ಹಿಂದೆ ಬೆರಳಿಟ್ಟು ಎಲ್ಲಿ ಒತ್ತುತ್ತಿದೆ ಎಂದು ನೋಡುವುದು ಅವಳ ಕೆಲಸ. ಕೈ ಚುರುಕು, ಮಾತು ಕಮ್ಮಿ. ಆದರೆ ಮಕ್ಕಳು ಬಂದರೆ ಬೇರೆಯೇ ಹೆಂಗಸಾಗಿಬಿಡುತ್ತಿದ್ದಳು. ಮಾಡುತ್ತಿದ್ದುದನ್ನು ಅಲ್ಲೇ ಬಿಟ್ಟು, ಮಗುವಿನ ಗಲ್ಲ ಹಿಡಿದು ಬೆಳಕಿನತ್ತ ತಿರುಗಿಸಿ, ಅದರ ಕಣ್ಣನ್ನೇ ನೋಡುತ್ತ ನಿಲ್ಲುವಳು. ಎಷ್ಟು ಹೊತ್ತೆಂದರೆ, ಮಗು ಹೆದರಿ ಅಮ್ಮನ ಕೈಗಾಗಿ ತಡಕಾಡುವಷ್ಟು.

ಅವಳು ಅಲ್ಲಿಗೆ ಕೆಲಸಕ್ಕೆ ಸೇರಿದ್ದು ಇನ್ನೂ ಮದುವೆಯಾಗದ ವಯಸ್ಸಿನಲ್ಲಿ. ಆಗಿನ ಮಾಲೀಕರು ತಮಾಷೆಯ ಮನುಷ್ಯ. ಗಿರಾಕಿಗೆ ಕನ್ನಡಕ ಹಾಕುವ ಮೊದಲೇ ಬೆಲೆ ಹೇಳಿಬಿಡು, ಹಾಕಿದ ಮೇಲೆ ಬೆಲೆಯ ಚೀಟಿ ತೀರಾ ಚೆನ್ನಾಗಿ ಕಾಣುತ್ತದೆ ಎನ್ನುವವರು. ಸೇರಿದ ಹೊಸದರಲ್ಲಿ ಒಂದು ದಿನ ಅವರು ಒಂದು ಜೊತೆ ದಪ್ಪ ಗಾಜನ್ನು ಫ್ರೇಮಿಗೆ ಸಿಕ್ಕಿಸಿ ಅವಳ ಮೂಗಿನ ಮೇಲಿಟ್ಟರು. ಕಣ್ಣು ಸರಿಯಾಗಿ ಕಾಣದವರಿಗೆ ಲೋಕ ಹೇಗೆ ಕಾಣುತ್ತದೆಂದು ಗೊತ್ತಿಲ್ಲದೆ ಈ ಕೆಲಸ ಮಾಡಬಾರದು, ಇದನ್ನು ಹಾಕಿಕೊಂಡು ಬಾಗಿಲವರೆಗೆ ಹೋಗಿ ಬಾ ಎಂದರು.

ಅವಳು ನಗುತ್ತಲೇ ಹೊರಟಳು. ಬಾಗಿಲು ಕರಗಿ ಬರೀ ಬೆಳಕಿನ ತುಂಡಾಗಿತ್ತು. ನೆಲ ಎಲ್ಲಿ ಮುಗಿದು ಮೆಟ್ಟಿಲು ಎಲ್ಲಿ ಶುರುವಾಗುತ್ತದೋ ತಿಳಿಯಲಿಲ್ಲ. ತನಗೇ ಗೊತ್ತಿಲ್ಲದಂತೆ ಒಂದು ಕೈ ಗೋಡೆಗೆ ಹೋಯಿತು, ತಲೆ ತುಸು ಮುಂದೆ ಬಾಗಿತು, ಪಾದ ನೆಲವನ್ನು ಮುಟ್ಟಿ ನೋಡಿ ಆಮೇಲೆ ಊರಿತು, ಕಣ್ಣುಗಳು ಕಿರಿದಾದವು. ಎರಡು ಹೆಜ್ಜೆ ಹಾಗೆ ನಡೆದವಳು ನಿಂತುಬಿಟ್ಟಳು. ಈ ನಡಿಗೆ ಅವಳದಲ್ಲ. ಇದು ಅಕ್ಕನದು.

ಅಕ್ಕ ತೀರಿಹೋಗಿ ಆಗಲೇ ಎಷ್ಟೋ ವರ್ಷಗಳಾಗಿದ್ದವು. ಮನೆಯಲ್ಲಿ ಅವಳಿಗೆ ಇದ್ದ ಹೆಸರು ಎಡವಟ್ಟು. ನೀರು ತಂದರೆ ಚೆಲ್ಲುವಳು, ಪಾತ್ರೆ ಇಟ್ಟರೆ ಉರುಳಿಸುವಳು, ಅಕ್ಕಿಯಲ್ಲಿ ಕಲ್ಲು ಬಿಡುವಳು. ಅಪ್ಪ ಮರ ಕೊಯ್ಯುವ ಕಾರ್ಖಾನೆಯಿಂದ ಬಂದು ಹೊಸಿಲಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ಆ ಸಂಜೆ ಹೇಗಿರುತ್ತದೆ ಎಂದು ಮಕ್ಕಳಿಗೆ ತಿಳಿಯುತ್ತಿತ್ತು. ಮೆಲ್ಲಗೆ ಬಿಟ್ಟರೆ ಊಟ, ಒದ್ದು ಬಿಟ್ಟರೆ ಏಟು. ಏಟು ಹೆಚ್ಚಾಗಿ ಅಕ್ಕನ ಪಾಲಿಗೇ ಬೀಳುತ್ತಿತ್ತು, ಏಕೆಂದರೆ ಅವತ್ತು ಒಡೆದದ್ದು, ಚೆಲ್ಲಿದ್ದು ಏನಾದರೂ ಇದ್ದೇ ಇರುತ್ತಿತ್ತು. ಶಾಲೆಯಲ್ಲೂ ಅದೇ ಕಥೆ. ಬೋರ್ಡಿನ ಮೇಲಿನದನ್ನು ಓದು ಎಂದರೆ ಬೆಪ್ಪಾಗಿ ನಿಲ್ಲುತ್ತಿದ್ದಳು. ಒಂದು ಮುಸ್ಸಂಜೆ ಅಮ್ಮ ಅವಳನ್ನು ಸೀಮೆಎಣ್ಣೆ ತರಲು ಕಳಿಸಿದಳು. ಪೈಪು ಹಾಕಲು ಬೀದಿ ಅಗೆದಿದ್ದರು. ಹಳ್ಳಕ್ಕೆ ಅಡ್ಡವಾಗಿ ಹಗ್ಗ ಕಟ್ಟಿ, ಕೆಂಪು ಬಟ್ಟೆಯನ್ನೂ ಇಳಿಬಿಟ್ಟಿದ್ದರು. ಊರಿಗೆಲ್ಲ ಕಂಡ ಬಟ್ಟೆ ಅದು. ಅಕ್ಕ ಅದರ ಕೆಳಗೇ ಹಾದು ಒಳಗೆ ಬಿದ್ದಳು, ತಲೆಗೆ ಪೆಟ್ಟಾಗಿ ಮತ್ತೆ ಏಳಲಿಲ್ಲ. ಗಮನ ಎಲ್ಲೋ ಇಟ್ಟುಕೊಂಡು ನಡೆಯುವ ಹುಡುಗಿ ಎಂದು ಸಾವಿನ ಮನೆಗೆ ಬಂದವರೂ ಹೇಳಿ ಹೋದರು.

ಆ ದಪ್ಪ ಗಾಜಿನೊಳಗೆ ನಿಂತು ಅವಳಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅಕ್ಕನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅಷ್ಟೇ. ಅಕ್ಕನಿಗೂ ಅದು ಗೊತ್ತಿರಲಿಲ್ಲವೇನೋ. ಲೋಕ ಎಲ್ಲರಿಗೂ ಹೀಗೇ ಇದೆ, ತಾನೊಬ್ಬಳೇ ಅದರಲ್ಲಿ ನಡೆಯಲು ಬಾರದವಳು ಎಂದುಕೊಂಡೇ ಹೋದಳೋ ಏನೋ. ಮಾಲೀಕರು ಏನಾಯಿತಮ್ಮ ಎಂದು ಕೇಳಿದರು. ಅವಳು ಕನ್ನಡಕ ತೆಗೆದುಕೊಟ್ಟು, ತಲೆ ತಿರುಗಿತು ಎಂದಳು.

ಅಂದಿನಿಂದ ಅಕ್ಕ ಅವಳನ್ನು ಬಿಡಲಿಲ್ಲ. ಅಂಗಡಿಯ ಮೂರು ಗೋಡೆಗೂ ಕನ್ನಡಿ. ಬೀದಿಯಲ್ಲಿ ಯಾರೋ ಹುಡುಗಿ ಹಾದುಹೋದರೆ ಅವಳ ನೆರಳು ಕನ್ನಡಿಯಿಂದ ಕನ್ನಡಿಗೆ ಜಾರುತ್ತಿತ್ತು. ಬೆಳಕು ಕಂದುವ ಹೊತ್ತಿಗೆ ಕನ್ನಡಕದಮ್ಮ ತಲೆ ಎತ್ತಿದರೆ, ಕಣ್ಣು ಕಿರಿದು ಮಾಡಿ ಒಳಗೆ ಇಣುಕುವ ಮುಖವೊಂದು ಅಲ್ಲಿ ಇದ್ದಂತಾಗುತ್ತಿತ್ತು. ಹೋಗಿ ನೋಡಿದರೆ ಯಾರೂ ಇಲ್ಲ. ಮದುವೆಯಾಯಿತು, ಮಗ ಹುಟ್ಟಿದ, ಗಂಡ ಬೇಗ ತೀರಿಕೊಂಡ. ಇಷ್ಟೆಲ್ಲ ಆದರೂ ಆ ಮುಖ ಹೋಗಲಿಲ್ಲ.

ಮಗನ ಮೇಲೆ ಅವಳು ಒಂದು ದಿನವೂ ಕೈ ಎತ್ತಲಿಲ್ಲ. ಎತ್ತುವುದಿಲ್ಲ ಎಂದು ಅವನು ಹೊಟ್ಟೆಯಲ್ಲಿದ್ದಾಗಲೇ ತೀರ್ಮಾನಿಸಿದ್ದಳು. ಅವನು ಓದಿದ, ಔಷಧದ ಗೋದಾಮಿನಲ್ಲಿ ಉಸ್ತುವಾರಿಯಾದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯನ್ನು ಮದುವೆಯಾದ. ಅವರಿಗೆ ಒಬ್ಬಳೇ ಮಗಳು, ಮನೆಯವರ ಬಾಯಲ್ಲಿ ಗುಬ್ಬಿ. ಆ ಮನೆಯಲ್ಲಿ ಗದರಿಕೆಯೂ ಇರಲಿಲ್ಲ. ಗುಬ್ಬಿಗೆ ಅವಳದೇ ಮೇಜು, ಅವಳದೇ ದೀಪ, ಸಂಜೆ ಒಂದು ಪಾಠ, ಅದು ಮುಗಿದರೆ ಇನ್ನೊಂದು. ನೀರು ಹೊರುವುದಿಲ್ಲ, ಪಾತ್ರೆ ತೊಳೆಯುವುದಿಲ್ಲ. ನಮ್ಮ ಕಾಲದಲ್ಲಿ ಇದರ ಕಾಲುಭಾಗ ಸಿಕ್ಕಿದ್ದರೆ ಎಂದು ಕನ್ನಡಕದಮ್ಮ ಸೊಸೆಯ ಹತ್ತಿರ ಎಷ್ಟೋ ಸಲ ಅಂದಿದ್ದಳು.

ಹೀಗಿರುವಾಗ ಗುಬ್ಬಿ ಒಂದು ದಿನ ಶಾಲೆಯಿಂದ ಬಂದು, ಬೋರ್ಡು ಮಂಜುಮಂಜಾಗಿ ಕಾಣುತ್ತಿದೆ ಎಂದಳು. ಹೇಳುವಾಗ ಕಣ್ಣು ಕಿರಿದು ಮಾಡಿದ್ದಳು.

ಕನ್ನಡಕದಮ್ಮ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಮರುದಿನವೇ ಮೊಮ್ಮಗಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ದೀಪ ಬಿಟ್ಟು, ಹನಿ ಹಾಕಿ, ಎಲ್ಲ ಕೋನದಿಂದ ನೋಡಿ, ಕಣ್ಣು ಒಳ್ಳೆಯ ಹರಳಿನಂತಿದೆ, ಒಂದು ಚೂರೂ ದೋಷವಿಲ್ಲ ಎಂದರು. ಮನಸ್ಸಿನ ಒತ್ತಡಕ್ಕೆ ಮಕ್ಕಳಿಗೆ ಕೆಲವೊಮ್ಮೆ ಹೀಗಾಗುತ್ತದೆ, ಮಗು ಸುಳ್ಳು ಹೇಳುತ್ತಿಲ್ಲ, ಬೈಯಬೇಡಿ ಎಂದೂ ಹೇಳಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಕನ್ನಡಕದಮ್ಮನ ಕಿವಿಗೆ ಅದು ಇಳಿಯಲಿಲ್ಲ. ಏಟು ತಿನ್ನದ, ಹಸಿವು ಕಾಣದ ಮಗುವಿಗೆ ಎಂಥ ಒತ್ತಡ. ಅಕ್ಕನಿಗೂ ಜನ ಹೀಗೇ ಏನೇನೋ ಹೇಳಿರಲಿಲ್ಲವೇ. ಇನ್ನೊಬ್ಬ ಡಾಕ್ಟರಾಯಿತು, ಮತ್ತೊಬ್ಬರಾಯಿತು, ಎಲ್ಲರದೂ ಒಂದೇ ಮಾತು. ಸೊಸೆ ಸಾಕು ಅತ್ತೆ ಎಂದರೂ ಕೇಳದೆ, ಅಂಗಡಿಯಿಂದ ಹಳೆಯ ಅಕ್ಷರದ ಪಟವೊಂದನ್ನು ತಂದು ಊಟದ ಕೋಣೆಯ ಗೋಡೆಗೆ ತೂಗುಹಾಕಿದಳು. ದಿನಾ ಸಂಜೆ ಗುಬ್ಬಿ ಎದುರು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ಒಂದು ಕಣ್ಣು ಮುಚ್ಚಿ ಓದಬೇಕು. ಓದಿ ಮುಗಿದ ಮೇಲೆ ಅಜ್ಜಿ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡುವಳು.

ಮೊದಮೊದಲು ಗುಬ್ಬಿ ತಪ್ಪಿದಳು. ಆಮೇಲೆ ಸರಾಗವಾಗಿ ಕೊನೆಯ ಸಾಲಿನವರೆಗೂ ಓದತೊಡಗಿದಳು. ಅಜ್ಜಿಗೆ ಹೋದ ಜೀವ ಬಂದಂತಾಯಿತು. ಆದರೆ ಅದೇ ವಾರ ಶಾಲೆಯಿಂದ ಕರೆ ಬಂತು. ಹುಡುಗಿ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತಿದ್ದಾಳೆ, ಏನೂ ಕಾಣಿಸುತ್ತಿಲ್ಲವಂತೆ, ಬಂದು ಕರೆದುಕೊಂಡು ಹೋಗಿ.

ಆ ಸಂಜೆ ಕನ್ನಡಕದಮ್ಮ ಪಟವನ್ನು ತಿರುಗಿಸಿದಳು. ಹಿಂಬದಿಯಲ್ಲಿ ಬೇರೆ ಅಕ್ಷರಗಳಿದ್ದವು. ಗುಬ್ಬಿ ನಿಂತು, ಒಂದು ಕಣ್ಣು ಮುಚ್ಚಿ, ಮುಂಬದಿಯ ಅಕ್ಷರಗಳನ್ನೇ ಒಂದೂ ಬಿಡದೆ ಒಪ್ಪಿಸಿದಳು. ಪಟದ ಕಡೆ ಅವಳು ನೋಡುತ್ತಲೇ ಇರಲಿಲ್ಲ. ಉಸಿರು ಬಿಗಿಹಿಡಿದು ಅಜ್ಜಿಯ ಮುಖ ನೋಡುತ್ತಿದ್ದಳು.

ಅಜ್ಜಿ ಅವಳ ಎದುರು ನೆಲದ ಮೇಲೆ ಕುಳಿತಳು. ಬಾಯಿಪಾಠ ಮಾಡಿದ್ಯಾ ಎಂದು ಕೇಳಿದಳು. ಗುಬ್ಬಿ ಹೌದೆಂದು ತಲೆ ಆಡಿಸಿದಳು. "ತಪ್ಪಾದ್ರೆ ನೀನು ಹಾಗೆ ನೋಡ್ತೀಯಲ್ಲ ಅಜ್ಜಿ, ಅದಕ್ಕೆ. ಇದೂ ಒಂದು ಪರೀಕ್ಷೇನೇ."

ಅಜ್ಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ, ಇಷ್ಟು ದಿನ ಯಾರೂ ಕೇಳದೇ ಇದ್ದದ್ದನ್ನು ಕೇಳಿದಳು.

"ಯಾವಾಗ ಮಂಜಾಗುತ್ತೆ ಮಗಾ?"

"ಮಿಸ್ಸು ಪೇಪರ್ ಕೊಟ್ಟ ಮೇಲೆ. ಕೊಟ್ಟ ತಕ್ಷಣ ಮಾರ್ಕ್ಸ್ ಫೋನಿಗೆ ಕಳಿಸಿಬಿಡ್ತಾರೆ. ನಾನು ಮನೆಗೆ ಬರೋಕೆ ಮುಂಚೇನೇ ಅಪ್ಪಂಗೆ ಗೊತ್ತಾಗಿರುತ್ತೆ."

"ಗೊತ್ತಾದ್ರೆ ಅಪ್ಪ ಏನಂತಾನೆ?"

"ಏನೂ ಅನ್ನಲ್ಲ. ಪರವಾಗಿಲ್ಲ ಪುಟ್ಟಾ ಅಂತಾರೆ. ಅಮ್ಮನೂ ಪರವಾಗಿಲ್ಲ ಅಂತಾರೆ. ಆಮೇಲೆ ಇಬ್ರೂ ರೂಮಿಗೆ ಹೋಗಿ ಮೆತ್ತಗೆ ಮಾತಾಡ್ಕೋತಾರೆ."

ಕನ್ನಡಕದಮ್ಮನಿಗೆ ತಾನೂ ಅಕ್ಕನೂ ಶಾಲೆಯಿಂದ ಬರುತ್ತಿದ್ದ ದಾರಿ ನೆನಪಾಯಿತು. ಉದ್ದದ ದಾರಿ. ನಡುವೆ ಒಂದು ಪಾಳು ಗೋಡೆ. ಸ್ಲೇಟಿನ ಮೇಲೆ ಮೇಷ್ಟರು ತಪ್ಪು ಹಾಕಿದ್ದರೆ ಅಕ್ಕ ಆ ಗೋಡೆಯ ನೆರಳಲ್ಲಿ ಕುಳಿತು ಎಂಜಲು ಹಚ್ಚಿ ಅಳಿಸುತ್ತಿದ್ದಳು, ಏನು ಸುಳ್ಳು ಹೇಳಬೇಕೆಂದು ತಂಗಿಗೂ ಹೇಳಿಕೊಡುತ್ತಿದ್ದಳು. ಮನೆಯಲ್ಲಿ ಏಟು ಕಾದಿದ್ದರೂ ಅಲ್ಲಿಯವರೆಗೆ ದಾರಿ ಅವರದಾಗಿತ್ತು. ಈ ಮಗುವಿಗೆ ಅಂಥ ದಾರಿಯೇ ಇಲ್ಲ. ಅವಳು ತರಗತಿಯಲ್ಲಿ ಕುಳಿತಿರುವಾಗಲೇ ಅವಳ ತಪ್ಪು ಮನೆಗೆ ಹೋಗಿ ಸೋಫಾದ ಮೇಲೆ ಕಾಯುತ್ತ ಕುಳಿತಿರುತ್ತದೆ.

ಭಾನುವಾರ ಬೆಳಿಗ್ಗೆ ಮಗ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಾಗ ಅವಳು ಇದನ್ನೆಲ್ಲ ಅವನಿಗೆ ಹೇಳಿದಳು. ಅವನು ಕೈ ನಿಲ್ಲಿಸಲಿಲ್ಲ. ತಾನು ಮಗಳಿಗೆ ಒಂದು ಏಟೂ ಹಾಕಿಲ್ಲ, ಒಂದು ಗಟ್ಟಿ ಮಾತೂ ಆಡಿಲ್ಲ, ಇನ್ನೇನು ಮಾಡಬೇಕು ಎಂದ. ಮುಖ ಸಪ್ಪಗಾಗಿತ್ತು. ಮಾತಾಡದಿರುವುದೂ ಮಕ್ಕಳಿಗೆ ಕೇಳಿಸುತ್ತದೆ ಕಣೋ ಎಂದಳು ತಾಯಿ. ಆಗ ಅವನು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟ.

"ಅದು ನಂಗೆ ಗೊತ್ತಿಲ್ವಾ ಅಮ್ಮ? ನೀನೂ ನನ್ನನ್ನ ಬೈತಿರಲಿಲ್ಲ. ಮಾರ್ಕ್ಸ್ ಕಮ್ಮಿ ಬಂದ್ರೆ ಗಲ್ಲ ಹಿಡಿದು ಕಿಟಕಿ ಹತ್ರ ಕರ್ಕೊಂಡು ಹೋಗ್ತಿದ್ದೆ. ಸುಮ್ನೆ ಕಣ್ಣು ನೋಡ್ತಾ ನಿಲ್ತಿದ್ದೆ. ಬೇರೆಯವರ ಥರ ಎರಡು ಏಟು ಹಾಕಿದ್ರೆ ಚೆನ್ನಾಗಿತ್ತು ಅನ್ಸೋದು. ನೀನು ನನ್ನ ನೋಡ್ತಾನೇ ಇರಲಿಲ್ಲ. ಇನ್ಯಾರನ್ನೋ ಹುಡುಕ್ತಿದ್ದೆ."

ಅಕ್ಕನ ವಿಷಯವನ್ನು ಮಗನಿಗೆ ಅವಳು ಯಾವತ್ತೂ ಬಾಯಿಬಿಟ್ಟಿರಲಿಲ್ಲ. ಹೇಳಿದರೆ ಆ ನೆರಳು ಅವನ ಮೇಲೆ ಬಿದ್ದೀತೆಂದು ಹೆದರಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ನೆರಳು ಹೇಳದೆಯೂ ಬಿದ್ದಿತ್ತು. ಅಪ್ಪನ ಚಪ್ಪಲಿಯ ಸದ್ದನ್ನು ಮನೆಯಿಂದ ಆಚೆ ಇಟ್ಟೆ ಎಂದು ಅವಳು ಎಷ್ಟು ವರ್ಷ ಬೀಗಿದ್ದಳು. ಅದು ಅವಳದೇ ಕಣ್ಣಿನಲ್ಲಿ ಕುಳಿತು, ಸದ್ದಿಲ್ಲದೆ ಒಳಗೆ ಬಂದಿತ್ತು. ಅಂದು ಮೊದಲ ಸಲ ಅವಳು ಅಂಗಿಗಳ ರಾಶಿಯ ಪಕ್ಕ ಕುಳಿತು ಮಗನಿಗೆ ಅಕ್ಕನ ಕಥೆ ಹೇಳಿದಳು. ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮಗ ಕೊನೆಗೆ ಒಂದೇ ಪ್ರಶ್ನೆ ಕೇಳಿದ, ಅವಳಿಗೆ ಆಗ ಎಷ್ಟು ವಯಸ್ಸು ಎಂದು. ಹೆಚ್ಚುಕಮ್ಮಿ ಗುಬ್ಬಿಯಷ್ಟೇ ಎಂದಾಗ ಅವನು ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದ.

ಮರುದಿನ ಪಟ ಗೋಡೆಯಿಂದ ಇಳಿಯಿತು. ಶಾಲೆಯವರು ಸಂದೇಶ ನಿಲ್ಲಿಸಲಿಲ್ಲ, ಎಲ್ಲ ಪಾಲಕರಿಗೂ ಒಂದೇ ನಿಯಮ ಎಂದರು. ಮಗಳು ಮನೆಗೆ ಬಂದು ತಾನಾಗಿ ಹೇಳುವವರೆಗೆ ಅದನ್ನು ತೆರೆಯುವುದಿಲ್ಲ ಎಂದು ಮಗ ಮಾತು ಕೊಟ್ಟ. ಕೆಲವೊಮ್ಮೆ ಮಾತು ಉಳಿಸಿಕೊಂಡ, ಕೆಲವೊಮ್ಮೆ ತಡೆಯಲಾರದೆ ನೋಡಿಬಿಟ್ಟ. ನೋಡಿದ ದಿನ ಅದು ಗುಬ್ಬಿಗೆ ಅವನ ಮುಖದಲ್ಲೇ ಗೊತ್ತಾಗುತ್ತಿತ್ತು. ಸಂಜೆಯ ಪಾಠಗಳಲ್ಲಿ ಒಂದನ್ನು ಸೊಸೆ ಬಿಡಿಸಿದಳು. ಕನ್ನಡಕದಮ್ಮ ಅಂಗಡಿಯಿಂದ ಬೇಗ ಬಿಡಿಸಿಕೊಂಡು, ಶಾಲೆಯ ವ್ಯಾನು ಬೇಡವೆಂದು ಮೊಮ್ಮಗಳನ್ನು ನಡೆಸಿಕೊಂಡೇ ಕರೆತರತೊಡಗಿದಳು. ಸುತ್ತುದಾರಿ ಹಿಡಿದು ಬರುತ್ತಿದ್ದರು.

ಮಂಜು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಈಗಲೂ ಪರೀಕ್ಷೆಯ ದಿನಗಳಲ್ಲಿ ಗುಬ್ಬಿ ದಾರಿಯಲ್ಲಿ ನಿಂತು, ಅಜ್ಜಿ, ಬಂತು ಎನ್ನುತ್ತಾಳೆ. ಇಬ್ಬರೂ ಯಾವುದಾದರೂ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾರೆ. ಗಲ್ಲಕ್ಕೆ ಕೈ ಹಾಕದಿರುವುದು ಅಜ್ಜಿಗೆ ಸುಲಭವಲ್ಲ. ಕೈಯನ್ನು ಮಡಿಲಲ್ಲಿ ಅದುಮಿಕೊಂಡು ಬೀದಿಯತ್ತ ನೋಡುತ್ತಾಳೆ.

ಹಾಗೆ ಕುಳಿತಿದ್ದಾಗ ಒಮ್ಮೆ ಗುಬ್ಬಿ ಅಕ್ಕಜ್ಜಿಯ ಬಗ್ಗೆ ಕೇಳಿದಳು. ಅವಳಿಗೆ ಆ ಕಥೆಯನ್ನು ಅಪ್ಪನೇ ಹೇಳಿದ್ದ.

"ಅವರು ನಗುವಾಗ ಹೇಗೆ ಕಾಣ್ತಿದ್ರು ಅಜ್ಜಿ?"

ಕನ್ನಡಕದಮ್ಮ ಹೇಳಲು ಬಾಯಿ ತೆರೆದಳು. ಕಿರಿದಾದ ಕಣ್ಣು ನೆನಪಿತ್ತು, ಗೋಡೆ ಹಿಡಿದ ಕೈ ನೆನಪಿತ್ತು, ನೆಲ ಮುಟ್ಟಿ ನೋಡುವ ಪಾದ ನೆನಪಿತ್ತು. ನಗು ನೆನಪಾಗಲಿಲ್ಲ. ಇಷ್ಟು ವರ್ಷ ಕನ್ನಡಿ ಕನ್ನಡಿಯಲ್ಲೂ ಅಕ್ಕನನ್ನು ಕಂಡವಳು, ಅಕ್ಕನ ಮುಖವನ್ನು ಎಂದೋ ಕಳೆದುಕೊಂಡಿದ್ದಳು.

"ಗೊತ್ತಿಲ್ಲ ಮಗಾ" ಎಂದಳು.

ಬೀದಿಯಲ್ಲಿ ಸೈಕಲ್ಲುಗಳು ಹೋಗುತ್ತಿದ್ದವು, ಎದುರಿನ ಮನೆಯವರು ಮಹಡಿಯಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ, ಮಂಜು ಇನ್ನೂ ಪೂರ್ತಿ ಹೋಗಿಲ್ಲ, ಆದರೂ ನಡೆಯಬಲ್ಲೆ ಎಂದಳು. ಅಜ್ಜಿ ಎದ್ದು ನಿಂತು ಕೈ ನೀಡಿದಳು.