ತಂಗಿಯ ಕರೆಗೆ ದಾರಿ ಬಿಡಿಸಿದ್ದು

ವಿಡಿಯೊ ಕರೆಯ ನಡುವೆ ಚಿತ್ರ ನಿಂತುಹೋದಾಗ ನಮ್ಮ ಜನ ಮೊದಲು ಮಾಡುವ ಕೆಲಸವೆಂದರೆ ಫೋನನ್ನು ಆಕಾಶಕ್ಕೆತ್ತಿ ಹಿಡಿದು ನೆಟ್‌ವರ್ಕನ್ನು ಬೈಯುವುದು. ಆ ಬೈಗುಳದ ಅಧಿಕೃತ ವಾರಸುದಾರ ನಾನೇ. ಮಡಕಶಿರದ ಸಣ್ಣದೊಂದು ಇಂಟರ್ನೆಟ್ ಕಂಪನಿಯ ಎಂಜಿನಿಯರ್ ಆದ್ದರಿಂದ, ಮದುವೆಮನೆಯಲ್ಲಿ ಊಟಕ್ಕೆ ಕೂತರೂ ನನ್ನ ಎಲೆಗೆ ಮೊದಲು ಬೀಳುವುದು ದೂರು, ಆಮೇಲೆ ಪಲ್ಯ.

ನನ್ನನ್ನು ನಿಜವಾಗಿ ಚುಚ್ಚುತ್ತಿದ್ದುದು ತಂಗಿ ರತ್ನಳ ದೂರು. ಗಂಡನೊಡನೆ ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಹೋದವಳು, ಮಗಳು ಚಂದನಾಳನ್ನು ಅಮರಾಪುರದಲ್ಲಿ ನಮ್ಮಮ್ಮನ ಬಳಿ ಬಿಟ್ಟಿದ್ದಳು. ಅಮ್ಮನ ಮನೆಗೆ ನಮ್ಮದೇ ಲೈನು. ರತ್ನ ಮಷಿನ್ ಬಿಟ್ಟೆದ್ದು ಕರೆ ಮಾಡುವ ಹೊತ್ತಿಗೇ ಇಡೀ ಸೀಮೆ ಸಿನಿಮಾ ನೋಡಲು ಕೂತಿರುತ್ತಿತ್ತು. ಮಗುವಿನ ಮುಖ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು.

"ಅಣ್ಣ, ನಿನ್ ಕಂಪ್ನಿ ಯಾಕಾದ್ರೂ ಐತೋ. ಮಗು ಏನೋ ಹೇಳ್ತೈತೆ, ಒಂದೂ ಕೇಳ್ಸಲ್ಲ," ಎನ್ನುತ್ತಿದ್ದಳು.

ಹಟ ತೊಟ್ಟು ಎಫ್‌ಪಿಜಿಎ ಎಂಬ ಚಿಪ್ಪಿರುವ ಬೋರ್ಡೊಂದನ್ನು ತರಿಸಿದೆ. ಪ್ಯಾಂಟಿನ ಹೊಲಿಗೆ ಬಿಚ್ಚಿ ಮತ್ತೆ ಹಾಕುವಂತೆ ಇದರೊಳಗಿನ ಸರ್ಕಿಟ್ಟನ್ನು ಬೇಕೆಂದಾಗಲೆಲ್ಲ ಬದಲಿಸಬಹುದು. ಹರಿದು ಬರುವ ದತ್ತಾಂಶದ ಪ್ರತಿಯೊಂದು ತುಣುಕನ್ನೂ ಅದು ಓಟದಲ್ಲೇ ಪರೀಕ್ಷಿಸಿ, ಗಾತ್ರ ಮತ್ತು ಲಯದಿಂದಲೇ ಇದು ಕರೆ, ಇದು ಸಿನಿಮಾ ಎಂದು ವಿಂಗಡಿಸಿ, ಕರೆಯನ್ನು ಮುಂದೆ ಬಿಡುತ್ತದೆ. ಆಡಿದ ಮಾತೇನೆಂಬುದು ಮಾತ್ರ ಅದಕ್ಕೆ ತಿಳಿಯದು. ಸರ್ಕಿಟ್ಟನ್ನು ಹಲವು ಸಲ ಕೆಡಿಸಿ, ಒಮ್ಮೆ ಇಡೀ ಊರನ್ನೇ ಮೌನವ್ರತಕ್ಕೆ ದೂಡಿ, ಮಾಲೀಕರಿಂದ ಸಹಸ್ರನಾಮಾರ್ಚನೆ ಮಾಡಿಸಿಕೊಂಡು ಕೊನೆಗೂ ಗೆದ್ದೆ. ಗೆದ್ದವನು ಸುಮ್ಮನಿರುತ್ತಾನೆಯೇ, ನೀವೇ ಹೇಳಿ. ಹೊಗಳಿಕೆ ಕೇಳಲೆಂದೇ ಆ ಸಂಜೆ ಅಮರಾಪುರಕ್ಕೆ ಹೋಗಿ ಕೂತೆ.

ಚಿತ್ರ ನಿಚ್ಚಳವಾಗಿ ಬಂತು. "ಅಮ್ಮನ್ನ ಮಾತಾಡ್ಸು ಪುಟ್ಟಿ," ಎಂದು ನಮ್ಮಮ್ಮ ಫೋನು ಹಿಡಿದರೆ ಚಂದನಾ ಗೋಡೆಯ ಕಡೆ ತಿರುಗಿ ಕೂತಳು. ರತ್ನ ಕರೆಯುತ್ತಲೇ ಇದ್ದಳು. ಅವಳ ಒಂದಕ್ಷರವೂ ತುಂಡಾಗಲಿಲ್ಲ. ಇಷ್ಟು ದಿನ ನೆಟ್‌ವರ್ಕ್ ನುಂಗಿತೆಂದು ರತ್ನಳೂ ನಾನೂ ನಂಬಿದ್ದ ಮಾತನ್ನು ಮಗು ಆಡಿರಲೇ ಇಲ್ಲ. ನನ್ನ ಜಾಣತನದ ಮೇಲೆ ನನಗೇ ಬೇಸರವಾಯಿತು. ಅದು ಈಗಲೂ ಹೋಗಿಲ್ಲ.

ಮರುದಿನ ರತ್ನ ನನಗೆ ಫೋನು ಮಾಡಿದಳು. "ಮೊದಲ್ನಂಗೇ ಇದ್ದಿದ್ರೆ ನೆಟ್‌ವರ್ಕ್ ಇಲ್ಲ ಅಂದ್ಕಂಡು ಸುಮ್ಕಿರ್ತಿದ್ದೆ ಅಣ್ಣ," ಎಂದಳು.

ಹಳೆಯ ಸರ್ಕಿಟ್ಟನ್ನು ಮರಳಿಸುವುದು ಕ್ಷಣದ ಕೆಲಸ. "ಅಮ್ಮನ ಮನೆ ಲೈನ್‌ಗಷ್ಟೇ ಮೊದಲ್ನಂಗೆ ಮಾಡ್ಲೇನಮ್ಮ?" ಎಂದೆ. ಅದಕ್ಕಿಂತ ಒಳ್ಳೆಯ ಸಮಾಧಾನ ಈ ಎಂಜಿನಿಯರನಿಗೆ ಹೊಳೆಯಲಿಲ್ಲ.



"ಬ್ಯಾಡ ಬಿಡಣ್ಣ. ಅವ್ಳು ಆ ಕಡೆ ತಿರೀಕ್ಕಂಡಿದ್ರೂ ಜಡೆ ಆದ್ರೂ ಕಾಣ್ತೈತಲ್ಲ."