ಕೂಗದೆ ಏಳದ ಭಾವ

ಮೀನು ಮನೆಗೆ ಬಂತು, ಭಾವ ಬರಲಿಲ್ಲ.

ಹೋದ ಶನಿವಾರದ ಮಾತು. ಸಾಗರದಿಂದ ಬಸ್ಸು ಹತ್ತಿ ಹೊಸನಗರದ ಕಡೆಯ ಅಕ್ಕನ ಮನೆಗೆ ಹೋಗಿದ್ದೆ. ನಾನು ಹೋಗುವಷ್ಟರಲ್ಲಿ ಭಾವ ಕೋವಿ ಹೆಗಲಿಗೇರಿಸಿ ಹೊರಟಾಗಿತ್ತು. ಮಳೆ ಪೂರ್ತಿ ಹಿಡಿದರೆ ಶಿಕಾರಿ ಬಂದ್. ಹಾಗಾಗಿ ಇದೇ ಕೊನೆಯದು ಅಂತ ಹೇಳಿ ಹೋದರಂತೆ. (ಹೋದ ವಾರದ್ದೂ ಕೊನೆಯದೇ ಆಗಿತ್ತು ಅಂದಳು ಅಕ್ಕ.)

ಸಂಜೆ ಹೊತ್ತಿಗೆ ನೆರೆಮನೆಯ ತಿಮ್ಮಪ್ಪ ತೋಯ್ದು ತೊಪ್ಪೆಯಾಗಿ ಅಂಗಳಕ್ಕೆ ಬಂದ. ಅವನು ಹಳು ನುಗ್ಗಲು ಹೋದವನು. ಅಂದರೆ ಪೊದೆ ಬಡಿದು, ಗಲಾಟೆ ಮಾಡಿ ಹಂದಿ ಎಬ್ಬಿಸುವ ಕೆಲಸ. ಎದ್ದ ಹಂದಿ ಓಡಿಬರುವ ದಾರಿಯಲ್ಲಿ ಕೋವಿ ಹಿಡಿದು ಕಾಯುವವನನ್ನು ಬಿಲ್ಲಿಗೆ ಕೂತವನು ಅನ್ನುತ್ತಾರೆ. ಅವತ್ತು ಬಿಲ್ಲಿಗೆ ಕೂತದ್ದು ಭಾವ.

ತಿಮ್ಮಪ್ಪನ ಕೈಯಲ್ಲಿ ಹಂದಿ ಮಾಂಸ ಇರಲಿಲ್ಲ. ಬಾಳೆಲೆಯಲ್ಲಿ ಸುತ್ತಿದ ಮೀನಿತ್ತು. ಹೊಸ ನೀರಿಗೆ ಹಳ್ಳದಲ್ಲಿ ಹತ್ತುಮೀನು, ಅಂದರೆ ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಹತ್ತುವ ಮೀನು, ಏರಿಬರುತ್ತಿತ್ತಂತೆ. ಅದನ್ನು ಕಂಡ ಮೇಲೆ ಹಂದಿ ಯಾರಿಗೆ ಬೇಕು? ಹಳು ನುಗ್ಗುವವರೆಲ್ಲ ದೊಣ್ಣೆ ಬಿಸಾಡಿ, ಪಂಚೆ ಬಿಚ್ಚಿ ಬಲೆ ಮಾಡಿಕೊಂಡು ಹಳ್ಳಕ್ಕೆ ಇಳಿದರಂತೆ.

“ಬಿಲ್ಲಿನವ್ರ ಪಾಲು, ಅತ್ಗೆ” ಅಂತ ಅವನು ಮೀನನ್ನು ಜಗಲಿಯ ಮೇಲಿಟ್ಟ. ಬಿಲ್ಲಿಗೆ ಕೂತವರಿಗೆ ಮೊದಲ ಪಾಲು ಕೊಡುವುದು ಪದ್ಧತಿ. ಪಾಪ, ಪದ್ಧತಿ ತಪ್ಪಿಸುವ ಜನ ಅಲ್ಲ. ಪಾಲನ್ನು ನೆನಪಿಟ್ಟುಕೊಂಡರು, ಪಾಲುದಾರನನ್ನು ಮರೆತರು.

ಅಕ್ಕ ಮೀನು ಮುಟ್ಟಲಿಲ್ಲ. “ಅವ್ರನ್ನ ಕೂಗಿ ಎಬ್ಸಿದ್ದು ಯಾರು?” ಅಂದಳು.

ಉಳಿದವರು ಕೂಗಿದ್ದಾರೆ ಅಂತ ತಿಮ್ಮಪ್ಪ, ತಿಮ್ಮಪ್ಪ ಕೂಗಿದ್ದಾನೆ ಅಂತ ಉಳಿದವರು ಅಂದುಕೊಂಡಿದ್ದರಂತೆ.

ಎದ್ದು ಬರುತ್ತಾರೆ ಬಿಡು, ಅವರೇನು ಮಗುವೇ ಅಂದೆ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಬಿಲ್ಲಿಗೆ ಕೂತವನು ಕೂಗು ಬರುವ ತನಕ ಏಳುವ ಹಾಗಿಲ್ಲ. ಎದ್ದು ಪೊದೆ ಅಲ್ಲಾಡಿಸಿದರೆ ಕೋವಿ ಹಿಡಿದ ಇನ್ನೊಬ್ಬನ ಕಣ್ಣಿಗೆ ಅವನೇ ಹಂದಿ. ಹಾಗೆ ಈಡು ತಿಂದು ಸತ್ತವರು ಇದ್ದಾರೆ. (ಭಾವನ ಚಿಕ್ಕಪ್ಪನೇ ಒಬ್ಬರು.)

ಒಳ್ಳೆಯ ಪದ್ಧತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಭಾವ ಕೂತ ಗುಡ್ಡದ ಬುಡದ ತನಕ ಈಗ ಲಿಂಗನಮಕ್ಕಿ ಡ್ಯಾಮಿನ ಹಿನ್ನೀರು ಬಂದಿದೆ. ಮೊದಲಾದರೆ ಹಳ್ಳ ಉಕ್ಕಿದರೂ ಹರಿದುಹೋಗುತ್ತಿತ್ತು. ಈಗ ಎಲ್ಲಿಗೆ ಹೋದೀತು? ಬಂದ ನೀರು ಅಲ್ಲೇ ಏರುತ್ತದೆ. ಗುಡ್ಡದ ದಾರಿ ತಗ್ಗಿನಲ್ಲಿದೆ. ಭಾವನಿಗೆ ಈಜು ಬಾರದು.

ಓಡಿದೆವು. ದಾರಿ ಇರಲಿಲ್ಲ. ಕೆಂಪು ನೀರು, ಅದರಾಚೆ ಗುಡ್ಡ. ತಿಮ್ಮಪ್ಪನ ಕೂಗು ಮಳೆಯ ಸದ್ದಿನಲ್ಲಿ ಪಕ್ಕದಲ್ಲಿದ್ದ ನಮಗೇ ಸರಿಯಾಗಿ ಕೇಳಲಿಲ್ಲ. ಅವನು ದೋಣಿ ತರಲು ಓಡಿದ. ಬೆಳಕು ಬೇರೆ ಇಳಿಯುತ್ತಿತ್ತು. ನೀರಿನ ನಡುವೆ ಒಂದು ಮೋಟುಮರದ ತುದಿ ಕಾಣುತ್ತಿತ್ತು. ನಾವು ನೋಡುತ್ತಿದ್ದಂತೆಯೇ ಅದು ಮುಳುಗಿತು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರಿನ ಗುರುತು ಇನ್ನೂ ಇದೆ. ನನಗೂ ಅಷ್ಟೇ ಭಯವಾಗಿತ್ತು, ಹೇಳಲು ನಾಚಿಕೆಯೇನು?

ದೋಣಿಯಲ್ಲಿ ಗುಡ್ಡದ ಹತ್ತಿರ ಹೋಗಿ ಮೂವರೂ ಒಟ್ಟಿಗೆ ಕೂಗಿದೆವು. ಮತ್ತೆ ಕೂಗಿದೆವು. ಕೊನೆಗೆ ಪೊದೆಯೊಳಗಿಂದ “ಹೋ” ಅಂತ ಬಂತು.

ಭಾವ ನಿಧಾನಕ್ಕೆ ಎದ್ದು ಬಂದರು. ಕೂತ ಬಂಡೆಗೆ ನೀರು ತಾಗಿತ್ತಂತೆ. ಕಾಲು ಮೇಲೆತ್ತಿಕೊಂಡು ಕೂತಿದ್ದರಂತೆ. ದೋಣಿ ಹತ್ತಿ ಅವರು ಮೊದಲು ಕೇಳಿದ್ದು, ಹಂದಿ ಯಾವ ಕಡೆ ಹೋಯಿತು ಅಂತ. ಅಕ್ಕ ಅಲ್ಲಿಯ ತನಕ ತಡೆದುಕೊಂಡಿದ್ದವಳು ಆಗ ಅತ್ತಳು.

ಇನ್ನೊಮ್ಮೆ ಹೀಗೆ ನೀರು ಬಂದರೆ ಏನು ಮಾಡುತ್ತೀರಿ ಅಂತ ಮರುದಿನ ಕೇಳಿಯೇಬಿಟ್ಟೆ. ಭಾವ ಕೋವಿ ಒರೆಸುತ್ತಾ ಹೇಳಿದರು:

“ಕೂಗು ಬಂದ್ರೆ ಏಳ್ತೀನಿ.”

ಶಿಸ್ತಿನ ಮನುಷ್ಯ, ನಿಜ. ಆದರೆ ಕೂಗಬೇಕಾದವರೇ ಮೀನಿಗೆ ಇಳಿದಾಗ, ಶಿಸ್ತಾಗಿ ಕೂತವನ ಗತಿ ಏನು ಸ್ವಾಮಿ?