ನಂಜಿಯ ಎರಡು ಸೋವಾರ

ತುಮ್ಮನಟ್ಟಿಯಿಂದ ಕೂಗಳತೆ ದೂರದ ಒಂದು ಹಟ್ಟಿಯಲ್ಲಿ ಮಾಸಿ ಎಂಬ, ಬೆಟ್ಟದ ಬಡಗ ಜನಾಂಗದ ಹೆಂಗಸು ಇದ್ದಳು. ಆಳು ಗಟ್ಟಿ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನೆರೆಹೊರೆಯಲ್ಲಿ ಬಾಣಂತಿಗೆ ಬಿಸಿನೀರು ಬೇಕಾದರೆ ಮೊದಲು ಓಡುವವಳೂ ಅವಳೇ, ಆ ಬಾಣಂತಿಗೆ ತವರಿನಿಂದ ಬಂದ ತುಪ್ಪದ ಗಡಿಗೆ ನೋಡಿ ಊಟ ಸೇರದೆ ಎದ್ದು ಬರುವವಳೂ ಅವಳೇ. ಹೊಟ್ಟೆಕಿಚ್ಚು ಎಲ್ಲರಿಗೂ ಇರುತ್ತದೆ. ಮಾಸಿಗೆ ಅದನ್ನು ಬಚ್ಚಿಡಲು ಬರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಸಾವಿರದ ಒಂಬೈನೂರ ಇಪ್ಪತ್ತಾರರ ಸುಮಾರಿಗೆ ಈ ಕಿಚ್ಚೆಲ್ಲ ಒಟ್ಟುಗೂಡಿ ಒಬ್ಬಳ ಮೇಲೆ ತಿರುಗಿತು. ಅವಳು ನಂಜಿ, ಮಾಸಿಯ ಗಂಡ ಭೀಮನ ತಮ್ಮ ದೇವನ ಹೆಂಡತಿ. ಎರಡು ಮನೆಗಳ ನಡುವೆ ಒಂದೇ ಗೋಡೆ. ನಂಜಿಯ ಕಿವಿಯ ಓಲೆಗಾಗಲಿ ಅವಳ ಬಣ್ಣಕ್ಕಾಗಲಿ ಮಾಸಿ ಕರುಬಿದವಳಲ್ಲ. ಅವಳು ಕರುಬಿದ್ದು ನಂಜಿಗಿದ್ದ ದಿನಗಳಿಗೆ.

ಬಡಗರಿಗೆ ಸೋಮವಾರ ದೊಡ್ಡದು. ಸೋವಾರ ಎನ್ನುತ್ತಾರೆ. ಅಂದು ಎತ್ತಿಗೆ ನೊಗ ಹೂಡುವುದಿಲ್ಲ, ಮಣ್ಣಿಗೆ ಗುದ್ದಲಿ ತಾಗಿಸುವುದಿಲ್ಲ. ಎದುರು ಗುಡ್ಡದಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಟೀ ಎಸ್ಟೇಟ್ ಇತ್ತು. ಅವನು ಭಾನುವಾರ ಎಸ್ಟೇಟ್ ಮುಚ್ಚಿ ಚರ್ಚಿಗೆ ಹೋಗುತ್ತಿದ್ದ. ಹಟ್ಟಿಯವರು ಇದನ್ನು ಸುಲಭವಾಗಿ ಅರ್ಥ ಮಾಡಿಕೊಂಡಿದ್ದರು: ದೊರೆಗೂ ಒಂದು ಸೋವಾರ ಇದೆ, ಪಾಪ, ಅದು ಯಾಕೋ ಭಾನುವಾರ ಬರುತ್ತದೆ. ಎಸ್ಟೇಟಿಗೆ ಹೋಗುವ ಬಡಗರು ತಮ್ಮ ಸೋವಾರದಂದು ಕೆಲಸಕ್ಕೆ ಬರುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದರು. ಆಳು ಸಿಗದ ಕಾಲ, ದೊರೆ ಕೆಂಪು ಮುಖವನ್ನು ಇನ್ನಷ್ಟು ಕೆಂಪು ಮಾಡಿಕೊಂಡು ಒಪ್ಪಿದ್ದ. ಹೀಗೆ ಎಲೆ ಕೀಳಲು ಹೋಗುತ್ತಿದ್ದ ನಂಜಿಗೆ ವಾರಕ್ಕೆ ಎರಡು ಸೋವಾರ ಸಿಕ್ಕಿದವು. ಐದು ದಿನ ದುಡಿತ, ಎರಡು ದಿನ ಬಿಡುವು.

ಇದರ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ಒಂದು ದಿನದ ಕೂಲಿ ಸುಮ್ಮನೆ ಹೋಗುತ್ತದಲ್ಲ ಎಂದು ದೇವ ಗೊಣಗುತ್ತಿದ್ದ. ಸೋಮವಾರ ಕೀಳದೆ ಬಿಟ್ಟ ಚಿಗುರು ಮಂಗಳವಾರಕ್ಕೆ ಬಲಿತು ನಾರಾಗುತ್ತದೆ ಎಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ತಲೆ ಚಚ್ಚಿಕೊಳ್ಳುತ್ತಿದ್ದ. ನಮಗೆ ಒಂದೇ ದಿನ ರಜೆ, ಈ ಬೆಟ್ಟದವರಿಗೆ ಎರಡಾ ಎಂದು ಲೈನ್ ಮನೆಗಳ ತಮಿಳು ಕೂಲಿಗಳು ಮೂತಿ ತಿರುವುತ್ತಿದ್ದರು. ಇಬ್ಬರು ಸೊಸೆಯರ ಅತ್ತೆ ಮಾತ್ರ, “ಎರಡು ಹಗಲು ಕೂತ ಮೇಲೆ ನಂಜಿಯ ಮೊಗದಲ್ಲಿ ಕಳೆ ಬಂತು. ಮೈ ಏನ ಕಲ್ಲಾ?” ಎನ್ನುತ್ತಿದ್ದಳು. ಈ ಮಾತು ಕೇಳಿದಾಗಲೆಲ್ಲ ಮಾಸಿ ಒನಕೆಯನ್ನು ಒರಳಿನ ತಳ ಒಡೆಯುವ ಹಾಗೆ ಕುಟ್ಟುತ್ತಿದ್ದಳು.

ಅವಳ ಮೈಯೂ ಕಲ್ಲಲ್ಲ ತಾನೆ? ಸೋವಾರದಂದು ಗಂಡಸರು ಎಮ್ಮೆಯ ಹಾಲು ಕರೆದು, ಅಂಗಳದ ಕಲ್ಲುಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತರೆ ಅವರ ದಿನ ಮುಗಿಯಿತು. ನೀರು ಅಂದೂ ಹಳ್ಳದಿಂದಲೇ ಬರಬೇಕು, ಸೌದೆ ಅಂದೂ ಕಾಡಿನಿಂದಲೇ ಬರಬೇಕು, ಸಾಮೆ ತಾನಾಗಿ ಸಿಪ್ಪೆ ಕಳಚಿಕೊಳ್ಳುವುದಿಲ್ಲ. ಉಳಿದ ಆರು ದಿನ ಇದರ ಜೊತೆಗೆ ಆಲೂಗಡ್ಡೆ ಹೊಲ. ನಂಜಿಯೂ ಮನೆಗೆಲಸ ಮಾಡುತ್ತಿದ್ದಳು, ಇಲ್ಲವೆಂದಲ್ಲ. ಆದರೆ ಅವಳದು ಬೆಳಗಿಗೇ ಮುಗಿಯುತ್ತಿತ್ತು. ಆಮೇಲೆ ಮಡಿ ಮುಂಡು ಉಟ್ಟು, ಅಂಗಳದಲ್ಲಿ ಕಾಲು ನೀಡಿ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂರುತ್ತಿದ್ದಳು. ಸೌದೆ ಹೊತ್ತ ಮಾಸಿ ಆ ನೀಡಿದ ಕಾಲನ್ನು ಸುತ್ತಿಬಳಸಿ ಹೋಗಬೇಕಾಗುತ್ತಿತ್ತು.

“ಅಕ್ಕ, ಒಂದು ಗಳಿಗೆ ಕೂತುಕ,” ಎನ್ನುತ್ತಿದ್ದಳು ನಂಜಿ.

ಆ ಕರೆಯೇ ಮಾಸಿಗೆ ಮೈಯೆಲ್ಲ ಉರಿಸುತ್ತಿತ್ತು. ತಾನೂ ಎಸ್ಟೇಟಿಗೆ ಸೇರಿ ಎರಡು ಸೋವಾರ ಪಡೆಯಬೇಕೆಂಬ ಆಸೆ ಅವಳಿಗೆ ಬೆಟ್ಟದಷ್ಟಿತ್ತು. ಅದಕ್ಕೆ ರೈಟರ್ ಬಳಿ ಹೆಸರು ಬರೆಸೆಂದು ನಂಜಿಯ ಮುಂದೆ ಬಾಯಿ ಬಿಟ್ಟು ಕೇಳಬೇಕು. ಎರಡು ವರ್ಷ ಅವಳು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೂ ನಂಜಿಯನ್ನೇ ಬೈದುಕೊಂಡಳು.

ಚೈತ್ರದ ಮಳೆ ಬಿದ್ದು ಚಿಗುರು ಒಂದೇ ಸಮನೆ ನುಗ್ಗಿದ ಸಮಯದಲ್ಲಿ, ಒಂದು ಸೋಮವಾರ ರೈಟರ್ ಹಟ್ಟಿಗೇ ಬಂದ. ಗಂಡಸರು ಕಟ್ಟೆಯಿಂದ ಏಳಲಿಲ್ಲ. “ಹೆಂಗಸರಾದರೂ ಬರಬಾರದಾ?” ಎಂದು ಅವನು ಅರ್ಧ ತಮಿಳಿನಲ್ಲಿ ಗೋಗರೆದ. ಅದೇ ಹೊತ್ತಿಗೆ ಮಾಸಿ ಸೌದೆ ಹೊರೆ ಹೊತ್ತು ಅಂಗಳಕ್ಕೆ ಕಾಲಿಟ್ಟಳು. ನಂಜಿ ಬಿಸಿಲಿನಲ್ಲಿ ಕೂದಲು ಬಿಚ್ಚಿಕೊಂಡು ಕೂತಿದ್ದಳು. ಮಾಸಿ ಹೊರೆಯನ್ನು ಧೊಪ್ಪನೆ ಎಸೆದು, ಊರಿಗೆಲ್ಲ ಕೇಳುವಂತೆ ಹೇಳಿದಳು:

“ಹೆಣ್ಣಿಗ ಏನ ಸೋವಾರ? ಸೋವಾರ ಎಲ್ಲಾ ಗಂಡಿಗ!”

ಅದು ಅವಳು ವಾರವಾರ ಗೊಣಗುತ್ತಿದ್ದ ಮಾತು, ಸೊಂಟನೋವಿನಿಂದ ಬಂದ ಮಾತು. ಆದರೆ ರೈಟರ್ ಅದನ್ನು ಬಡಗರ ಕಟ್ಟಳೆಯೆಂದೇ ತಿಳಿದ. ಅವನ ಕಣ್ಣು ಅರಳಿತು. “ಹಾಗಾ? ಹೆಂಗಸರಿಗೆ ಸೋಮವಾರದ ಕಟ್ಟು ಇಲ್ಲವಾ?” ಎಂದು ಹತ್ತಿರ ಬಂದು ಕೇಳಿದ. ಅವನು ಏನೆಂದುಕೊಂಡನೆಂದು ಮಾಸಿಗೆ ಆ ಕ್ಷಣವೇ ಹೊಳೆಯಿತು. ಅಯ್ಯಾ, ಅದು ಬೇಸರದ ಮಾತು ಎಂದು ಹೇಳಬಹುದಿತ್ತು. ಅವಳು ನಂಜಿಯ ಕಡೆ ನೋಡಿದಳು. ನಂಜಿ ಆರಾಮಾಗಿ ಸಿಕ್ಕು ಬಿಡಿಸುತ್ತಿದ್ದಳು, ಇತ್ತ ಕಿವಿಯೇ ಇರಲಿಲ್ಲ.

“ಇಲ್ಲೆ,” ಎಂದಳು ಮಾಸಿ. “ಹುಟ್ಟಿದ ಹಗಲಿಂದ ಇಲ್ಲೆ.”

ಬುಧವಾರ ಎಲೆ ತೂಗುವ ಕೊಟ್ಟಿಗೆಯ ಮುಂದೆ ಅಪ್ಪಣೆ ಹೊರಟಿತು. ಗಂಡಾಳುಗಳಿಗೆ ಸೋಮವಾರ ಮೊದಲಿನಂತೆ ಬಿಡುವು. ಹೆಂಗಸರಿಗೆ ಅವರ ಪೈಕಿ ಅಂಥ ಕಟ್ಟಳೆ ಇಲ್ಲವೆಂದು ತಿಳಿದುಬಂದಿರುವುದರಿಂದ ಅವರು ಬರತಕ್ಕದ್ದು, ಬಾರದವರ ಹೆಸರು ಹೊಡೆದುಹಾಕಲಾಗುವುದು. ಹಟ್ಟಿಯ ಹಿರಿಯರು ಕಟ್ಟೆಯ ಮೇಲೆ ಕೂತು ಬಹಳ ಯೋಚಿಸಿದರು. ಎಲೆ ಕೀಳುವುದೆಂದರೆ ನೇಗಿಲಲ್ಲ, ಗುದ್ದಲಿಯೂ ಅಲ್ಲ, ಮಣ್ಣಿಗೆ ನೋವಿಲ್ಲ ಎಂದು ತೀರ್ಮಾನಿಸಿದರು. ತಮ್ಮ ಸೋವಾರಕ್ಕೆ ಕುಂದಿಲ್ಲವೆಂದ ಮೇಲೆ ಅವರಿಗೆ ಕಾಳಜಿಯೂ ಉಳಿಯಲಿಲ್ಲ.

ಮಾಸಿಯ ಸಂತೋಷ ಏನು ಹೇಳುವುದು! ಅಂದು ಅವಳು ಎರಡು ಮುದ್ದೆ ಹೆಚ್ಚು ತಿಂದಳು. ನೀರು ತರುವಾಗ ಕೊಡ ಹಗುರವೆನಿಸಿತು. ಬರುವ ಸೋವಾರ ಆ ಅಂಗಳ ಖಾಲಿ, ಆ ನೀಡಿದ ಕಾಲು ಇಲ್ಲ ಎಂದು ನೆನೆದು ನೆನೆದು ಒಳಗೊಳಗೇ ನಕ್ಕಳು. ನಂಜಿ ಬಾಡಿದ ಮುಖ ಹೊತ್ತು ಎದುರಾದಾಗ, “ಪಾಪ, ಏನ ಕಾಲ ಬಂತು!” ಎಂದು ಲೊಚಗುಟ್ಟಿದಳು ಕೂಡ.

ಶನಿವಾರ ಸಂಜೆ ನಂಜಿ ಮಾಸಿಯ ಮನೆಗೆ ಬಂದಳು. ಭೀಮ ಒಲೆಯ ಮುಂದಿದ್ದ, ಅತ್ತೆಯೂ ಇದ್ದಳು. ನಂಜಿ ಬಾಯಿತುಂಬ ನಗುತ್ತ, “ಅಕ್ಕನಿಗ ಎಸ್ಟೇಟಿಗ ಬರೋಕೆ ಎಷ್ಟು ಆಸೆ ಅಂತ ಎನಗ ಗೊತ್ತು, ಬಾವ. ಬಾಯಿ ಬಿಟ್ಟು ಕೇಳುವವಳಲ್ಲ. ನಾನೇ ರೈಟರ ಕಾಲು ಹಿಡಿದು ಹೆಸರ ಬರೆಸಿದೆ. ಸೋವಾರದಿಂದ ನಾವ ಇಬ್ಬರೂ ಜೊತೆ,” ಎಂದಳು.

ಭೀಮ ಹಿಗ್ಗಿ ಹೀರೇಕಾಯಿಯಾದ. ಆಲೂಗಡ್ಡೆ ಹೊಲವನ್ನು ತಾನು ನೋಡಿಕೊಳ್ಳುತ್ತೇನೆ, ಮನೆಗೆಲಸ ಹೇಗೂ ಬೆಳಗ್ಗೆ ಬೇಗ ಎದ್ದರೆ ಆಯಿತು ಎಂದ. ಯಾರು ಬೇಗ ಏಳುವುದೆಂದು ಹೇಳಲಿಲ್ಲ. ಅತ್ತೆ ಚಿಕ್ಕ ಸೊಸೆಯ ತಲೆ ನೇವರಿಸಿ, ಓರಗಿತ್ತಿಯರೆಂದರೆ ಹೀಗಿರಬೇಕು ಎಂದಳು. ಮಾಸಿ ಒಲೆಗೆ ಇನ್ನೊಂದು ಸೌದೆ ತುರುಕಿದಳು. ಎರಡು ವರ್ಷದಿಂದ ಬೇಕೆಂದಿದ್ದ ಎಸ್ಟೇಟು ಸಿಕ್ಕಿತು, ಅದರಲ್ಲಿದ್ದ ಸೋವಾರವನ್ನು ಮಾತ್ರ ಅವಳೇ ಮೊದಲು ಹೋಗಿ ಕಿತ್ತುಹಾಕಿದ್ದಳು.

ಸೋಮವಾರ ಬೆಳಗ್ಗೆ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಇಬ್ಬರೂ ಹೊರಟಾಗ ಗಂಡಸರು ಆಗಲೇ ಕಟ್ಟೆ ಏರಿದ್ದರು. ಭೀಮ ಕಾಲು ನೀಡಿ ಕೂತು, “ಎಲ್ಲಿಗ ಹೋರೆ?” ಎಂದು ತಮಾಷೆಗೆ ಕೇಳಿ ತಾನೇ ನಕ್ಕ. ಮಾಸಿ ಅವನ ಕಡೆ ತಿರುಗಲಿಲ್ಲ. ಅವಳ ಎದೆಯಲ್ಲಿ ಬೇರೆಯೇ ಒಂದು ಸಂಕಟ ಎದ್ದಿತ್ತು. ತಾನು ಕಿತ್ತುಕೊಂಡೆ, ಇವಳು ಕೊಟ್ಟಳು. ಎಂಥ ಹೆಣ್ಣು! ಇವಳ ಒಳ್ಳೆಯತನ ಕಂಡೂ ಹೊಟ್ಟೆ ಉರಿಯಿತು. ಹಳ್ಳ ದಾಟುವ ಹೊತ್ತಿಗೆ ತಡೆಯಲಾರದೆ ಅಳತೊಡಗಿದಳು.

“ನಂಜಿ, ಎನ್ನ ಬಾಯಿಗ ಹುಳು ಬೀಳಲಿ. ರೈಟರಿಗ ಆ ಮಾತ ಹೇಳಿದ್ದು ನಾನು. ನಿನ್ನ ಸೋವಾರ ಕಳೆದದ್ದು ನಾನು.”

ನಂಜಿ ನಿಲ್ಲಲಿಲ್ಲ. ಬುಟ್ಟಿಯ ಪಟ್ಟಿಯನ್ನು ಹಣೆಗೆ ಸರಿಮಾಡಿಕೊಂಡಳು.

“ಗೊತ್ತು, ಅಕ್ಕ,” ಎಂದಳು. “ಬುಧವಾರವೇ ರೈಟರ್ ಹೇಳಿದ. ನಿನ್ನ ಹೆಸರ ಬರೆಸಿದ್ದು ಮರುದಿನ.”

ಮಾಸಿಯ ಅಳು ಅಲ್ಲಿಗೇ ನಿಂತಿತು. ನಂಜಿ ಆಗಲೇ ನಾಲ್ಕು ಹೆಜ್ಜೆ ಮುಂದೆ ಏರು ಹತ್ತುತ್ತಿದ್ದಳು, ಸೊಂಟ ಬಳುಕಿಸಿಕೊಂಡು, ಏನೂ ಆಗದವಳ ಹಾಗೆ. ಕಾಲು ಹಿಡಿದೆ ಎಂದಳಲ್ಲ, ಅತ್ತೆಯ ಎದುರು ನಕ್ಕಳಲ್ಲ, ಊರ ಬಾಯಲ್ಲಿ ಒಳ್ಳೆಯವಳೂ ಆದಳಲ್ಲ! ಮಾಸಿಗೆ ಜನ್ಮದಲ್ಲಿ ಯಾರ ಮೇಲೂ ಬಾರದಷ್ಟು ಹೊಟ್ಟೆಕಿಚ್ಚು ಬಂತು. ಇಷ್ಟು ಚೆನ್ನಾಗಿ ಹಗೆ ತೀರಿಸಿಕೊಳ್ಳಲು ತನಗೆ ಏಳು ಜನ್ಮಕ್ಕೂ ಬಾರದು ಎಂದುಕೊಂಡು, ಮೂಗು ಒರೆಸಿ, ಅವಳ ಹಿಂದೆಯೇ ಏರು ಹತ್ತಿದಳು.